ಗಡ್ಡ ನಿಂದು, ಮೀಸಿ ನಂದು

ನಾನು ಒಂದು ಸೇಫ್ಟಿ ರೇಜರ್. ಹಿತ್ತಾಳೆಯ ಮೈ, ಅದರ ಮೇಲೆ ನಿಕ್ಕಲ್ ಲೇಪ. ಆ ಲೇಪ ಈಗ ಹಿಡಿಕೆಯ ಗೀರುಗಳ ಸಂದಿಯಲ್ಲಷ್ಟೇ ಉಳಿದಿದೆ. ನನ್ನನ್ನು ಬಿಚ್ಚಿದರೆ ಮೂರು ತುಂಡು: ಒಂದು ಹಿಡಿಕೆ, ಒಂದು ಹಲ್ಲಿನ ತಟ್ಟೆ, ಮೇಲೊಂದು ಟೊಪ್ಪಿಗೆ. ನಡುವೆ ಬ್ಲೇಡ್ ಇಟ್ಟು ತಿರುಪಿದರೆ ಕೆಲಸಕ್ಕೆ ಸಿದ್ಧ. ಹೆಸರಿನಲ್ಲೇ ಸೇಫ್ಟಿ ಅಂತ ಇರುವುದರಿಂದ ನನ್ನಿಂದ ಯಾರಿಗೂ ಕೇಡಾಗುವುದಿಲ್ಲ ಎಂದು ಜನ ನಂಬುತ್ತಾರೆ. ನಾನು ಆ ನಂಬಿಕೆ ಬಿಟ್ಟು ಬಹಳ ವರ್ಷವಾಯಿತು.

ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ, ಎರಡನೆಯ ಮಹಾಯುದ್ಧದ ಕಾಲಕ್ಕೆ. ಹಿತ್ತಾಳೆ ಸರಳನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ ಕೊರೆದರು, ಒದ್ದೆ ಕೈಯಿಂದ ಜಾರದಿರಲೆಂದು ಮೈತುಂಬ ಗೀರು ಎಳೆದರು, ಕೊನೆಗೆ ನಿಕ್ಕಲ್ ಲೇಪಕ್ಕೆಂದು ಒಂದು ಕಮಟು ವಾಸನೆಯ ನೀರಿನಲ್ಲಿ ಅದ್ದಿ ತೆಗೆದರು. ನನ್ನಂಥವರು ದಿನಕ್ಕೆ ಸಾವಿರಾರು ಮಂದಿ ಹೊರಬೀಳುತ್ತಿದ್ದರು. ಯಾರಿಗೂ ಹೆಸರಿಲ್ಲ, ತಳದಲ್ಲೊಂದು ನಂಬರು ಮಾತ್ರ. ನಮ್ಮನ್ನೆಲ್ಲ ಖಾಕಿ ಬಟ್ಟೆಯ ಚೀಲಗಳಲ್ಲಿ ಹಾಕಿ ಹಡಗಿಗೆ ಏರಿಸಿದರು. ಸಿಪಾಯಿ ಸಾಯುವಾಗಲೂ ಗಡ್ಡ ಬಿಟ್ಟಿರಬಾರದು ಎಂಬುದು ಪಲ್ಟನ್ನಿನ ಕಾಯಿದೆಯಾಗಿತ್ತು.

ನನ್ನ ಪಾಲಿಗೆ ಬಂದವನು ಸಿಪಾಯಿ ಜಟ್ಟೆಪ್ಪ. ಗದಗಿನ ಹತ್ತಿರದ ಕಡಬಗೇರಿ ಎಂಬ ಊರಿನವನು. ನಾನು ಮನುಷ್ಯರನ್ನು ಯಾವಾಗಲೂ ಕೆಳಗಿನಿಂದ ನೋಡಿದವನು. ಮೊದಲು ಗಂಟಲ ಮಣಿ, ಆಮೇಲೆ ಗದ್ದ, ಆಮೇಲೆ ಮೂಗಿನ ಹೊಳ್ಳೆ. ಕಣ್ಣು ಕಾಣುವುದು ಕನ್ನಡಿಯಲ್ಲಿ ಮಾತ್ರ. ಜಟ್ಟೆಪ್ಪನ ಕೈ ಒರಟು, ಆದರೆ ನನ್ನನ್ನು ಹಿಡಿಯುವಾಗ ಹಗುರ. ಗಡ್ಡವನ್ನು ಎರಡು ನಿಮಿಷದಲ್ಲಿ ಮುಗಿಸಿ, ಮೀಸೆಯ ಹತ್ತಿರ ಬಂದಾಗ ಮಾತ್ರ ಉಸಿರು ಹಿಡಿದು ಸುತ್ತು ಹಾಕಿ ಹೋಗುತ್ತಿದ್ದ. ಆ ಮೀಸೆ ದಟ್ಟವಾಗಿತ್ತು. ಅದನ್ನು ಮುಟ್ಟಲು ನನಗೆ ಅಪ್ಪಣೆ ಇರಲಿಲ್ಲ.

ಯಾಕೆಂದು ತಿಳಿದದ್ದು ಮರಳುಗಾಡಿನಲ್ಲಿ. ಒಂದು ಮಧ್ಯಾಹ್ನ ಹವಾಲ್ದಾರ ಅವನಿಗೆ ಬಂದ ಕಾಗದ ಓದಿ ಹೇಳಿದ. ಊರಲ್ಲಿ ಅವನ ತಂದೆ ತೀರಿಕೊಂಡು ಮೂರು ತಿಂಗಳಾಗಿತ್ತು. ಜಟ್ಟೆಪ್ಪ ಅಳಲಿಲ್ಲ. ಆ ದಿನ ಕುಡಿಯಲು ಸಿಕ್ಕಿದ್ದ ಒಂದು ಮಗ್ಗು ನೀರಿನಲ್ಲಿ ಅರ್ಧವನ್ನು ತೆಗೆದಿಟ್ಟು, ಮುಖ ಒದ್ದೆ ಮಾಡಿಕೊಂಡು, ನನ್ನನ್ನು ನೇರವಾಗಿ ಮೂಗಿನ ಕೆಳಗೆ ಇಟ್ಟ. ನಾಲ್ಕು ಎಳೆತಕ್ಕೆ ಮೀಸೆ ಹೋಯಿತು. ಕೂದಲನ್ನು ಒಂದು ಚಿಂದಿಯಲ್ಲಿ ಕಟ್ಟಿ ಮರಳಲ್ಲಿ ಹೂತು, ಊರಿನ ದಿಕ್ಕು ಯಾವುದೆಂದು ಹವಾಲ್ದಾರನನ್ನು ಕೇಳಿ ಆ ಕಡೆಗೆ ಕೈಮುಗಿದ. ಅವರ ಮನೆತನದಲ್ಲಿ ಅಪ್ಪ ಬದುಕಿರುವ ತನಕ ಮಗ ಮೀಸೆ ತೆಗೆಯುವಂತಿಲ್ಲ. ಅಪ್ಪ ಹೋದ ದಿನ ಇಟ್ಟುಕೊಳ್ಳುವಂತಿಲ್ಲ. ಮಗ ಅಪ್ಪನಿಗೆ ಕೊಡುವ ಕೊನೆಯ ವಸ್ತು ಅದು. ಆ ಸಂಜೆ ಜಟ್ಟೆಪ್ಪ ನೀರಡಿಸಿಕೊಂಡೇ ಮಲಗಿದ.

ಯುದ್ಧ ಮುಗಿಯಿತು. ಜಟ್ಟೆಪ್ಪ ಒಂದು ಕಂಬಳಿ, ಒಂದು ತಗಡಿನ ಪೆಟ್ಟಿಗೆ ಮತ್ತು ನನ್ನನ್ನು ಹೊತ್ತು ಕಡಬಗೇರಿಗೆ ಬಂದ. ಊರಲ್ಲಿ ಎಲ್ಲರ ಗಡ್ಡವನ್ನೂ ಹಡಪದ ನಿಂಗಪ್ಪನೇ ತನ್ನ ಕತ್ತಿಯಿಂದ ಮಾಡುತ್ತಿದ್ದ. ಅವನು ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಿಂದ ಹುಣಸೆಹಣ್ಣಿನ ನಾರು ಸಹ ತೆಗೆಯಲು ಬರುವುದಿಲ್ಲ ಎಂದು ನಕ್ಕಿದ್ದ. ನಕ್ಕರೂ ತನ್ನಿಂದ ಒಬ್ಬ ಗಿರಾಕಿ ಹೋದನೆಂಬ ಸಿಟ್ಟು ಅವನಿಗಿತ್ತು. ಜಟ್ಟೆಪ್ಪನ ಹೆಂಡತಿ ಗಂಗವ್ವ ನನ್ನನ್ನು ದೇವರ ಮಾಡದ ಪಕ್ಕದ ಗೂಡಿನಲ್ಲಿ ಇಟ್ಟಳು. ಅಲ್ಲಿಂದ ನಾನು ಅವರ ಒಬ್ಬನೇ ಮಗ ಸೋಮಲಿಂಗ ಬೆಳೆಯುವುದನ್ನು ನೋಡಿದೆ.

ಸೋಮಲಿಂಗನಿಗೆ ಹದಿನೇಳು ತುಂಬಿದಾಗ ಗದ್ದದ ಮೇಲೆ ಕೂದಲು ಕಂಡವು. ಒಂದು ಸೋಮವಾರ ಬೆಳಿಗ್ಗೆ ಜಟ್ಟೆಪ್ಪ ಅವನನ್ನು ಅಂಗಳದಲ್ಲಿ ಕೂರಿಸಿ, ಹೊಸ ಬ್ಲೇಡ್ ಹಾಕಿ ನನ್ನನ್ನು ಅವನ ಕೈಗೆ ಕೊಟ್ಟ.

"ಗಡ್ಡ ನಿಂದು. ಮೀಸಿ ನಂದು," ಅಂದ. "ನಾ ಹೋದ ದಿನಾ ತೆಗಿ. ಅಲ್ಲೀತನಕ ಅದಕ್ಕ ಕೈ ಹಚ್ಚಬ್ಯಾಡ."

ಮಗ ಹೂಂ ಅಂದ. ಆ ಹೂಂ ಸುಳ್ಳಾಗಿರಲಿಲ್ಲ. ನಾನು ಅವನ ಗಂಟಲ ಮೇಲೇ ಇದ್ದೆ, ನನಗೆ ಗೊತ್ತು.

ಸೋಮಲಿಂಗನಿಗೆ ಒಳ್ಳೆಯ ಕಂಠವಿತ್ತು. ಹತ್ತೊಂಬತ್ತನೆಯ ವಯಸ್ಸಿಗೆ ಅವನು ಒಂದು ಸಣ್ಣ ನಾಟಕ ಕಂಪನಿ ಸೇರಿದ. ಅಪ್ಪ ಬೇಡವೆನ್ನಲಿಲ್ಲ, ಹಾಡಿಕೆ ದೇವರು ಕೊಟ್ಟದ್ದು, ನಾಲ್ಕು ಊರು ನೋಡಿ ಬರಲಿ ಅಂದ. ನಾನೂ ಅವನ ಟ್ರಂಕಿನಲ್ಲಿ ಹೊರಟೆ. ಕಂಪನಿ ಒಂದೊಂದು ಊರಲ್ಲಿ ತಿಂಗಳೆರಡು ತಿಂಗಳು ಕ್ಯಾಂಪ್ ಹಾಕುತ್ತಿತ್ತು. ತಟ್ಟಿ, ತಗಡು, ಹಳೆಯ ಪರದೆ, ಒಂದು ಹಾರ್ಮೋನಿಯಂ. ದೊಡ್ಡ ಕಂಪನಿಗಳಲ್ಲಿ ಆಗಲೇ ಹೆಣ್ಣುಮಕ್ಕಳು ಪಾತ್ರ ಮಾಡುತ್ತಿದ್ದರು. ಇಂಥ ಸಣ್ಣ ಕಂಪನಿಗೆ ಅವರು ಬರುತ್ತಿರಲಿಲ್ಲ. ಹಾಗಾಗಿ ರಾಣಿ, ಸೊಸೆ, ವಿಧವೆ ಎಲ್ಲವೂ ಗಂಡಸರೇ.

ಮೊದಲ ವರ್ಷ ಅವನು ಮೀಸೆಯ ಸೇವಕನ ಪಾತ್ರ ಮಾಡಿದ. ಮರುವರ್ಷ ರಾಣಿಯ ಪಾತ್ರದವನು ಬೇರೆ ಕಂಪನಿಗೆ ಓಡಿಹೋದ. ಮಾಲಕರು ಸೋಮಲಿಂಗನಿಗೆ ಸೀರೆ ಉಡಿಸಿ ಹಾಡಿಸಿ ನೋಡಿದರು. ಕಣ್ಣು, ಕತ್ತು, ಧ್ವನಿ ಎಲ್ಲ ಒಪ್ಪಿಗೆಯಾಯಿತು. ಮೀಸೆಯೊಂದು ಉಳಿಯಿತು. ನಾಲ್ಕು ದಿನ ಅದರ ಮೇಲೆ ದಪ್ಪಗೆ ಬಿಳಿ ಬಣ್ಣ ಮೆತ್ತಿ ನಿಭಾಯಿಸಿದ. ಮುಂದಿನ ಸಾಲಿನಲ್ಲಿ ಕುಳಿತ ಜನ ರಾಣಿಗೆ ಮೀಸೆ ಬಂದಿದೆ ಎಂದು ಸೀಟಿ ಹೊಡೆದರು. ಐದನೆಯ ದಿನ ಮಾಲಕರು, ಇವತ್ತು ಮೀಸೆ ಇರಬೇಕು ಇಲ್ಲವೆ ನೀನು ಇರಬೇಕು, ಯೋಚನೆ ಮಾಡು ಎಂದು ಹೇಳಿ ಹೋದರು.

ಅವನು ಮಧ್ಯಾಹ್ನವಿಡೀ ಕನ್ನಡಿಯ ಮುಂದೆ ಕುಳಿತ. ನನ್ನನ್ನು ಎತ್ತುವನು, ಇಡುವನು. ಆ ಬ್ಲೇಡ್ ಮೊಂಡಾಗಿದ್ದರೆ, ಇಲ್ಲ ನನ್ನ ತಿರುಪು ಆಗಲೇ ಸವೆದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಸಾವಿರ ಸಲ ಅಂದುಕೊಂಡಿದ್ದೇನೆ. ಆಗ ಹಾಗೆ ಅನಿಸಲಿಲ್ಲ. ಹರಿತವಾಗಿದ್ದೆ, ಕರೆದರೆ ಹೋಗಿ ನಿಲ್ಲುವುದು ನನ್ನ ಕೆಲಸವಾಗಿತ್ತು. ಮರಳುಗಾಡಿನಲ್ಲಿ ನಾಲ್ಕು ಎಳೆತ ಬೇಕಾಗಿತ್ತು. ಇಲ್ಲಿ ಎರಡಕ್ಕೇ ಮುಗಿಯಿತು, ಎಳೆಯ ಮೀಸೆ.

ಆ ದಿನ ಅವನು ರಾಣಿಯಾಗಿ ಮಗನನ್ನು ಕಾಡಿಗೆ ಕಳಿಸುವ ಹಾಡು ಹಾಡಿದಾಗ ಹೆಂಗಸರ ಸಾಲು ಪೂರ್ತಿ ಅತ್ತಿತಂತೆ. ಸೋಮಲಿಂಗ ತಿರುಗಿ ಬಂದಾಗ ಮುಖದ ಬಣ್ಣವೆಲ್ಲ ಕಲಸಿಹೋಗಿತ್ತು. ಸುಖವೋ ಭಯವೋ, ನನಗೆ ತಿಳಿಯಲಿಲ್ಲ. ಅಂದಿನಿಂದ ದಿನಕ್ಕೆ ಎರಡು ಸಲ ನನ್ನ ಕೆಲಸ, ಬೆಳಿಗ್ಗೆ ಒಮ್ಮೆ, ಬಣ್ಣ ಹಚ್ಚುವ ಮೊದಲು ಇನ್ನೊಮ್ಮೆ. ಬ್ಲೇಡ್ ಉಳಿಸಲೆಂದು ಅವನು ಅದನ್ನು ಗಾಜಿನ ಲೋಟದ ಒಳಗೋಡೆಗೆ ಒತ್ತಿ ಮಸೆಯುತ್ತಿದ್ದ. ಕಿರ್ ಕಿರ್ ಎಂಬ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಮುಂದಿನದನ್ನು ನಾನು ಕಂಡಿಲ್ಲ, ಗಂಗವ್ವ ಹೇಳಿದ್ದನ್ನು ಕೇಳಿದ್ದೇನೆ.

ಕಡಬಗೇರಿಯ ಇಬ್ಬರು ಮೆಣಸಿನಕಾಯಿ ಮಾರಲು ಪೇಟೆಗೆ ಬಂದಿದ್ದರು. ಚಹಾದ ಅಂಗಡಿಯಲ್ಲಿ ಸೋಮಲಿಂಗ ಕಂಡ. ಬೋಳು ತುಟಿ. ಅವರು ಅವನನ್ನು ಮಾತಾಡಿಸಲೂ ಇಲ್ಲ. ದುಃಖದಲ್ಲಿದ್ದವನನ್ನು ಬೀದಿಯಲ್ಲಿ ನಿಲ್ಲಿಸಿ ಏನು ಕೇಳುವುದು ಎಂದು ಸುಮ್ಮನಾದರು. ತಾವು ಊರು ಬಿಟ್ಟ ಮೇಲೆ ಜಟ್ಟೆಪ್ಪ ಹೋದನೆಂದೇ ತಿಳಿದರು. ಪೇಟೆಯಲ್ಲಿ ಸಿಕ್ಕ ಬೀಗರಿಗೆ ಹೇಳಿದರು. ಬೀಗರು ತಮ್ಮ ಊರಿಗೆ ಒಯ್ದರು. ಮರುದಿನ ಬೆಳಿಗ್ಗೆ ಮೂರು ಊರಿನ ನೆಂಟರು ಎರಡು ಚಕ್ಕಡಿ ಕಟ್ಟಿಕೊಂಡು ಬಂದರು. ಊರ ಅಗಸಿ ಬಾಗಿಲು ದಾಟುವಾಗಲೇ ಹೆಂಗಸರು ದನಿ ತೆಗೆದು ಅಳತೊಡಗಿದ್ದರು. ಜಟ್ಟೆಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅವನ ತಂಗಿಯೇ ಮೊದಲು ಇಳಿದು, ಅಣ್ಣನ ಹೆಸರು ಹಿಡಿದು ಎದೆ ಬಡಿದುಕೊಳ್ಳುತ್ತ ಬಂದು, ಅಣ್ಣನನ್ನು ನೋಡಿ ಅಲ್ಲೇ ಕುಸಿದಳು.

ಆಮೇಲೆ ಎಲ್ಲರೂ ನಕ್ಕರಂತೆ. ಸತ್ತವನ ಆಯುಷ್ಯ ಹೆಚ್ಚಿತು ಅಂದರಂತೆ. ಗಂಗವ್ವ ಬಂದವರಿಗೆಲ್ಲ ರೊಟ್ಟಿ ಬಡಿದು ಹಾಕಿದಳು. ಜಟ್ಟೆಪ್ಪ ಮಾತ್ರ ನಗಲಿಲ್ಲ. ಯಾರು ನೋಡಿದ್ದು, ಎಲ್ಲಿ ನೋಡಿದ್ದು, ಮೀಸೆ ಪೂರಾ ಇರಲಿಲ್ಲವೇ ಎಂದು ಮೂರು ಸಲ ಕೇಳಿದ. ಆಮೇಲೆ ಹಗ್ಗವನ್ನು ಹಿಡಿದುಕೊಂಡು ಹಿತ್ತಲಿಗೆ ಹೋದ.

ವಾರದ ನಂತರ ಗಂಗವ್ವ ಒಬ್ಬಳೇ ಕ್ಯಾಂಪಿಗೆ ಬಂದಳು. ತಟ್ಟಿಯ ಕೋಣೆಯಲ್ಲಿ ನಾನು ಕನ್ನಡಿಯ ಕೆಳಗೆ ಇದ್ದೆ. ಅವಳು ಕೂರಲಿಲ್ಲ. ಮಗನ ತುಟಿಯನ್ನೇ ನೋಡುತ್ತ ನಡೆದದ್ದೆಲ್ಲ ಹೇಳಿ, ಕೊನೆಗೆ ಗಂಡ ಹೇಳಿ ಕಳಿಸಿದ್ದನ್ನು ಹೇಳಿದಳು.

"ನಿಮ್ಮಪ್ಪ ಒಂದ ಮಾತ ಕೇಳಿ ಬಾ ಅಂದಾನ. ನಾ ಖರೇನ ಸತ್ತಾಗ ಅಂವಾ ಏನ ತೆಗೀತಾನ?"

ಸೋಮಲಿಂಗ ಅಂಗೈಯಿಂದ ತುಟಿ ಮುಚ್ಚಿಕೊಂಡ. ಅವಳು ತಂದಿದ್ದ ಬುತ್ತಿಗಂಟು ಇಟ್ಟು ಹೊರಟುಹೋದಳು.

ಅವನು ಕಂಪನಿ ಬಿಡಬಹುದಿತ್ತು. ಬಿಡುತ್ತೇನೆ ಎಂದು ವರ್ಷಕ್ಕೊಮ್ಮೆ ಅನ್ನುತ್ತಲೂ ಇದ್ದ. ಮಳೆಗಾಲದಲ್ಲಿ ಕಂಪನಿ ಎರಡು ತಿಂಗಳು ಮುಚ್ಚುತ್ತಿತ್ತು. ಆಗ ನನ್ನನ್ನು ತುಟಿಯ ಹತ್ತಿರ ತರುತ್ತಿರಲಿಲ್ಲ. ಮೀಸೆ ಚಿಗುರುತ್ತಿತ್ತು. ಒಂದು ವರ್ಷ ಧೈರ್ಯ ಮಾಡಿ ಊರಿಗೆ ಹೋದ. ಜಟ್ಟೆಪ್ಪ ಅವನ ಮುಖವನ್ನೊಮ್ಮೆ ನೋಡಿ ಸರಿದು ಜಾಗ ಮಾಡಿಕೊಟ್ಟ. ಗಂಗವ್ವ ಎರಡು ತಾಟು ಒಟ್ಟಿಗೆ ಇಟ್ಟಳು. ಮೂರು ದಿನ ಅಪ್ಪ ಮಗ ಜೊತೆಗೆ ಉಂಡರು. ನಾಲ್ಕನೆಯ ದಿನ ಮಾಲಕರ ಕಾಗದ ಬಂತು: ದಾವಣಗೆರೆಯಲ್ಲಿ ಜಾಗ ಸಿಕ್ಕಿದೆ, ರಾಣಿ ಕೂಡಲೇ ಬರಬೇಕು. ಅವನು ಅಪ್ಪನಿಗೆ ಹೇಳದೆ ಹೊರಟ. ಊರ ಹೊರಗಿನ ಹಳ್ಳದಲ್ಲಿ, ಕನ್ನಡಿಯಿಲ್ಲದೆ, ಬರೀ ಬೆರಳಿಂದ ಹುಡುಕಿಕೊಂಡು ಮೀಸೆ ತೆಗೆದ. ಎರಡು ಕಡೆ ಕೊಯ್ದೆ. ಬೇಕೆಂದೇ ಕೊಯ್ದೆನೋ ಏನೋ.

ಅವನ ಮೇಲೆ ನನಗೆ ಸಿಟ್ಟಿತ್ತು. ಆದರೆ ಅವನಿಗೆ ಸೀರೆಯಲ್ಲಿ ಸಿಗುತ್ತಿದ್ದ ಆ ಜೀವ ಮನೆಯ ಅಂಗಳದಲ್ಲಿ ಸಿಗುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ಹೊಟ್ಟೆಪಾಡಷ್ಟೇ ಆಗಿದ್ದರೆ ಬಿಡುವುದು ಸುಲಭವಿತ್ತು.

ಆರು ವರ್ಷ ಹೀಗೆ ಕಳೆಯಿತು. ಏಳನೆಯ ವರ್ಷ ಅಪ್ಪನಿಗೆ ಜಡ್ಡು ಎಂದು ಸುದ್ದಿ ಬಂತು. ಅದೇ ಗಳಿಗೆ ಸೋಮಲಿಂಗ ನನ್ನನ್ನು ತೊಳೆದು, ಬ್ಲೇಡ್ ತೆಗೆದು, ಟ್ರಂಕಿನ ತಳಕ್ಕೆ ಹಾಕಿದ. ಮಾಲಕರು ಬದಲಿ ಮನುಷ್ಯ ಸಿಗುವ ತನಕ ಬಿಡಲಿಲ್ಲ. ಹನ್ನೆರಡು ದಿನ ಅವನು ಕುರುಚಲು ಗಡ್ಡದ ಮೇಲೆ ಬಣ್ಣ ಬಳಿದುಕೊಂಡು ರಾಣಿಯಾದ. ಜನ ಕೂಗಿ ನಕ್ಕರು. ಹದಿಮೂರನೆಯ ದಿನ ಊರಿಗೆ ಬಂದ. ಗಂಗವ್ವ ನನ್ನನ್ನು ಟ್ರಂಕಿನಿಂದ ತೆಗೆದು ಹಳೆಯ ಗೂಡಿನಲ್ಲಿಟ್ಟಳು.

ಜಟ್ಟೆಪ್ಪನಿಗೆ ಕಣ್ಣು ಹೋಗಿದ್ದವು. ಹೊರಸಿನ ಮೇಲೆ ಒಂದು ಹಿಡಿಯಾಗಿ ಮಲಗಿದ್ದ. ಮಗ ಬಂದನೆಂದು ಗಂಗವ್ವ ಹೇಳಿದಳು. ಅವನು ಕೈ ಚಾಚಿದ. ಸೋಮಲಿಂಗ ಮುಖ ಒಡ್ಡಿದ. ಮುದುಕನ ಬೆರಳು ಕಿವಿಯಿಂದ ಕೆನ್ನೆಗೆ, ಕೆನ್ನೆಯಿಂದ ಮೂಗಿನ ಕೆಳಗೆ ಬಂದು ಅಲ್ಲಿ ನಿಂತಿತು. ಆ ಕಡೆ ಈ ಕಡೆ ಸವರಿ ನೋಡಿತು.

"ಇನ್ನೂ ಬಂದಿಲ್ಲ," ಅಂದ ಜಟ್ಟೆಪ್ಪ. ಬೆರಳು ತೆಗೆಯದೆಯೇ, "ಇರ್ಲಿ. ಒಂದ ತಿಂಗಳಾ ತಡದ ನೋಡತೀನಿ."

ಆ ಮಾತಿಗೆ ಸೋಮಲಿಂಗ ಅತ್ತಂತೆ ಯಾವ ರಾಣಿಯೂ ಯಾವ ರಂಗದ ಮೇಲೂ ಅತ್ತಿರಲಿಕ್ಕಿಲ್ಲ. ಅಪ್ಪ ನಿಜಕ್ಕೂ ತಡೆದ. ಗಂಜಿ ಬೇಡ ಅನ್ನುತ್ತಿದ್ದವನು ಬಾಯಿ ತೆರೆದು ಗಂಜಿ ಕುಡಿದ. ದಿನಾ ಬೆಳಿಗ್ಗೆ ಮಗನ ತುಟಿ ಸವರಿ ಎಷ್ಟಾಯಿತೆಂದು ನೋಡುತ್ತಿದ್ದ. ಐದನೆಯ ದಿನ ಬೆಳಿಗ್ಗೆ ಕೈ ಎತ್ತಿದ್ದು ಅರ್ಧಕ್ಕೇ ಬಿತ್ತು.

ಮಣ್ಣಿಗೆ ಒಯ್ಯುವ ಮೊದಲು ಹಡಪದ ನಿಂಗಪ್ಪ ಬಂದ. ಮುದುಕನಾಗಿದ್ದ, ನಗುವುದನ್ನು ಬಿಟ್ಟಿದ್ದ. ಸೋಮಲಿಂಗನ ಗದ್ದ ಎತ್ತಿ ನೋಡಿ, ಹಿರಿಯರ ಕಡೆ ತಿರುಗಿದ. ಹದಿನೇಳು ದಿನದ ಕುರುಚಲು ಮೀಸೆಯೋ ಅಲ್ಲವೋ ಎಂದು ಹಿರಿಯರು ಚರ್ಚೆ ಮಾಡಿದರು. ಶಾಸ್ತ್ರಕ್ಕೆ ಒಂದು ಸಲ ಕತ್ತಿ ಮುಟ್ಟಿಸಿಬಿಡು ಅಂದರು ಕೆಲವರು. ಸೋಮಲಿಂಗ ಕೈ ಅಡ್ಡ ಹಿಡಿದ.

"ಇದು ಕೊಡೂವಂಥಾದ್ದಲ್ಲ," ಅಂದ. "ಇದನ್ನ ಕೊಟ್ರ ಅಪ್ಪಗ ಇನ್ನೊಮ್ಮಿ ಮೋಸ ಮಾಡಿದಂಗ."

ಹಾಗೆ ಆ ಮನೆತನದಲ್ಲಿ ಮೊದಲ ಸಲ ಒಬ್ಬ ಮಗ ಮೀಸೆ ಕೊಡದೆ ಅಪ್ಪನಿಗೆ ಮಣ್ಣು ಕೊಟ್ಟು ಬಂದ. ಮೀಸೆ ಬೆಳೆಯಿತು. ಪೂರ್ತಿ ಬೆಳೆದಾಗ ಅದನ್ನು ತೆಗೆದುಕೊಳ್ಳಬೇಕಾದವನು ಇರಲಿಲ್ಲ.

ಸೋಮಲಿಂಗ ಕಂಪನಿಗೆ ತಿರುಗಿ ಹೋಗಲಿಲ್ಲ. ಗದಗಿನಲ್ಲಿ ಒಂದು ಅರಳೆ ಗಿರಣಿ ಸೇರಿದ, ಮದುವೆಯಾದ, ಅವ್ವನನ್ನು ಕರೆತಂದು ಕೊನೆಯ ತನಕ ನೋಡಿಕೊಂಡ. ಹಾಡುವುದನ್ನೇ ಬಿಟ್ಟ. ದಿನಾ ಬೆಳಿಗ್ಗೆ ನಾನು ಅವನ ಮುಖದ ಮೇಲೆ ಆಡುತ್ತಿದ್ದೆ, ಮೀಸೆಯ ಗಡಿ ಬಂದಾಗ ಅವನ ಕೈ ಅವರಪ್ಪನ ಕೈಯಂತೆಯೇ ಉಸಿರು ಹಿಡಿದು ಸುತ್ತುತ್ತಿತ್ತು. ಅದಕ್ಕೆ ಕತ್ತರಿ ಕೂಡ ತಾಗಿಸಲಿಲ್ಲ. ಗಿರಣಿಯಲ್ಲಿ ಅವನನ್ನು ಮೀಸೆ ಸೋಮಣ್ಣ ಎಂದು ಕರೆಯುತ್ತಿದ್ದರು. ಒಳ್ಳೆಯ ಗತ್ತಿನ ಮೀಸೆ ಎಂದು ಯಾರಾದರೂ ಹೊಗಳಿದರೆ ಅವನು ಅಲ್ಲಿಂದ ಎದ್ದು ಹೋಗುತ್ತಿದ್ದ.

ಅವನ ಮಗ ಪರಶುರಾಮ ಶಾಲೆಯಿಂದ ಅಳುತ್ತ ಬಂದ ದಿನಗಳಿದ್ದವು. ಹಳೆಯ ನಾಟಕ ನೋಡಿದ ಯಾರದೋ ಅಪ್ಪ ಯಾರಿಗೋ ಹೇಳಿ, ಹುಡುಗರು ಅವನನ್ನು ರಾಣಿಯ ಮಗ ಎಂದು ರೇಗಿಸುತ್ತಿದ್ದರು. ಪರಶು ಮನೆಗೆ ಬಂದು ಅಪ್ಪನ ಮುಖ ನೋಡುತ್ತಿದ್ದ. ಆ ದೊಡ್ಡ ಮೀಸೆ ಕಂಡ ಮೇಲೆ ಅವನಿಗೆ ಸಮಾಧಾನ. ಅಪ್ಪನಲ್ಲಿ ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಮೀಸೆಯೇ ಎಂದು ನಾನು ಗೂಡಿನಿಂದ ನೋಡಿ ಬಲ್ಲೆ. ಮುಂದೆ ಅದೇ ಕೇಡಾಯಿತು.

ಪರಶುವಿಗೆ ಗಡ್ಡ ಬಂದಾಗ ಸೋಮಲಿಂಗ ನನ್ನನ್ನು ಅವನ ಕೈಗೆ ಕೊಟ್ಟ. ಗಡ್ಡ ನಿಂದು ಎಂದ. ಮೀಸಿ ನಂದು ಅನ್ನುವಾಗ ಧ್ವನಿ ತಗ್ಗಿತು. ಪರಶು ಅದನ್ನು ಹಬ್ಬದ ದಿನದ ಮಾತಿನಂತೆ ಸಂತೋಷದಿಂದ ಕೇಳಿಸಿಕೊಂಡ. ಬಸ್ ಡಿಪೋದಲ್ಲಿ ಕೆಲಸ ಸಿಕ್ಕ ಮೇಲೂ, ಜೊತೆಯವರೆಲ್ಲ ಬೋಳು ತುಟಿಯಲ್ಲಿ ಓಡಾಡುವ ಕಾಲ ಬಂದ ಮೇಲೂ ಅವನು ಮೀಸೆ ಮುಟ್ಟಲಿಲ್ಲ. ಒಂದೇ ರೇಜರಿನಲ್ಲಿ ಇಬ್ಬರದೂ ನಡೆಯಿತು. ಮೊದಲು ಅಪ್ಪ, ಆಮೇಲೆ ಮಗ. ಕೊಯ್ದರೆ ಪಟಿಕದ ಹರಳು ಒಂದೇ.

ಎಪ್ಪತ್ತೈದು ದಾಟಿದ ಮೇಲೆ ಸೋಮಲಿಂಗನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ತೊದಲಿತು. ಅಂದಿನಿಂದ ಪರಶು ದಿನಾ ಬೆಳಿಗ್ಗೆ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿ, ಬಿಸಿನೀರಲ್ಲಿ ಟವೆಲ್ ಹಿಂಡಿ ಮುಖ ಒರೆಸಿ, ಸಾಬೂನು ನೊರೆ ಹಚ್ಚಿ, ನನ್ನನ್ನು ಎತ್ತಿಕೊಳ್ಳುತ್ತಿದ್ದ. ಇಷ್ಟು ವರ್ಷದಲ್ಲಿ ನಾನು ಕಂಡ ಅತ್ಯಂತ ಮೆತ್ತನೆಯ ಕೈ ಅದು. ಎರಡು ವರ್ಷ ಹಾಗೆ ನಡೆಯಿತು.

ಒಂದು ಬೆಳಿಗ್ಗೆ ಮೀಸೆಯ ಹತ್ತಿರ ಸುತ್ತು ಹಾಕುತ್ತಿದ್ದಾಗ ಸೋಮಲಿಂಗ ಎಡಗೈಯಿಂದ ಮಗನ ಮಣಿಕಟ್ಟು ಹಿಡಿದ. ಮಾತು ಒಂದೊಂದಾಗಿ ಬಂತು.

"ಇದನ್ನ ತಗಿ ಪರಸು. ಇದು ನಿಮ್ಮಜ್ಜಂದು. ಕೊಟ್ಟ ಹೊಕ್ಕೀನಿ."

ಪರಶುವಿಗೆ ಆ ಕಥೆ ಗೊತ್ತಿತ್ತು, ಅಜ್ಜಿ ಹೇಳಿದ್ದಳು. ಆದರೂ ಅವನ ಕೈ ಹಿಂದೆ ಸರಿಯಿತು. ಬದುಕಿರುವ ಅಪ್ಪನ ಮೀಸೆಯನ್ನು ಮಗ ತೆಗೆಯುವುದುಂಟೇ ಎಂಬುದು ಅವನು ಹೊರಗೆ ಹೇಳಿದ ಕಾರಣ. ಒಳಗಿನ ಕಾರಣ ಬೇರೆ. ಆ ಬೋಳು ತುಟಿಯ ಮುಖವನ್ನು ಅವನು ಒಂದು ಹಳೆಯ ಫೋಟೋದಲ್ಲಿ ನೋಡಿದ್ದ. ಸೀರೆ, ಮೂಗುತಿ, ಮುಡಿಯ ತುಂಬ ಹೂ. ಅದು ಮತ್ತೆ ಮನೆಗೆ ಬರುವುದು ಅವನಿಗೆ ಬೇಕಿರಲಿಲ್ಲ. ಐವತ್ತರ ಹತ್ತಿರ ಬಂದ ಮನುಷ್ಯ ಇನ್ನೂ ಆ ಶಾಲೆಯ ಹುಡುಗರಿಗೆ ಅಂಜುತ್ತಿದ್ದ.

"ನಾಳೆ ನೋಡೋಣು, ಯಪ್ಪಾ," ಅಂದ.

ಮರುದಿನವೂ ಮುದುಕ ಕೇಳಿದ. ಪರಶು ನಾಳೆ ಅಂದ. ಮೂರನೆಯ ದಿನವೂ ಅದೇ. ಮೂರನೆಯ ದಿನ ಸೋಮಲಿಂಗ ಮಣಿಕಟ್ಟು ಹಿಡಿಯಲಿಲ್ಲ, ಮಗನ ಮುಖವನ್ನು ಸುಮ್ಮನೆ ನೋಡಿದ.

ನಾಲ್ಕನೆಯ ದಿನ ನಳ ಬಂತು. ಗದಗಿನಲ್ಲಿ ನೀರು ಬರುವುದೆಂದರೆ ಮನೆಮಂದಿಗೆಲ್ಲ ಹಬ್ಬ ಮತ್ತು ಜಗಳ. ಪರಶು ಅಪ್ಪನ ಗಡ್ಡಕ್ಕೆಂದು ಹೊಸ ಬ್ಲೇಡ್ ಹಾಕಿ, ನನ್ನನ್ನು ಹೊರಸಿನ ಪಕ್ಕದ ಕಿಟಕಿಯಲ್ಲಿಟ್ಟು, ಹೆಂಡತಿಯ ಜೊತೆ ಕೊಡ ಹಿಡಿದು ಓಡಿದ. ಮನೆಯಲ್ಲಿ ನಾವಿಬ್ಬರೇ ಉಳಿದೆವು. ಎಡಗೈ ಕಿಟಕಿಗೆ ಬಂತು, ತಡಕಾಡಿತು, ನನ್ನನ್ನು ಹಿಡಿಯಿತು.

ನೊರೆ ಇಲ್ಲ, ನೀರಿಲ್ಲ. ರೂಢಿಯಿಲ್ಲದ ಎಡಗೈ. ಬೇಡ ಎಂದು ಹೇಳುವ ಬಾಯಿ ನನಗಿದ್ದರೆ ಹೇಳುತ್ತಿದ್ದೆನೇ? ಗೊತ್ತಿಲ್ಲ. ಹೋದಷ್ಟು ಹೋಗಲಿ ಎಂದು ನಾನೂ ಬಗ್ಗಿ ಸಹಕರಿಸಿದೆ. ಒಣ ಕೂದಲು, ಐವತ್ತು ವರ್ಷದ ಕೂದಲು, ಎಳೆದಾಗ ಕಿತ್ತುಕೊಂಡು ಬಂತು. ಚರ್ಮವೂ ಬಂತು. ಅವನು ನರಳಲಿಲ್ಲ. ಎಡಭಾಗ ಮುಗಿಯುವ ಹೊತ್ತಿಗೆ ತುಟಿ ತುಂಬ ರಕ್ತ. ಬಲಭಾಗಕ್ಕೆ ಕೈ ತಿರುಗಲಿಲ್ಲ. ನಾನು ಹಾಸಿಗೆಯ ಮೇಲೆ ಬಿದ್ದೆ.

ಪರಶು ಕೊಡ ಹೊತ್ತು ಒಳಗೆ ಬಂದ. ಕೊಡ ಕೈಯಿಂದ ಬಿತ್ತು. ಮುದುಕನ ಮುಖದಲ್ಲಿ ಒಂದು ಕಡೆ ಮೀಸೆ, ಇನ್ನೊಂದು ಕಡೆ ರಕ್ತ. ಕಣ್ಣಲ್ಲಿ ಮಾತ್ರ ಎಷ್ಟೋ ವರ್ಷದ ನಂತರ ಒಂದು ಬೆಳಕು.

"ಅರ್ಧಾ ಆತು ನೋಡು," ಅಂದ.

ಪರಶು ಪಟಿಕ ಹಚ್ಚಿದ, ಹತ್ತಿ ಒತ್ತಿದ, ಡಾಕ್ಟರನ್ನು ಕರೆತಂದ. ರಕ್ತ ನಿಂತಿತು, ಗಾಯ ದೊಡ್ಡದಲ್ಲ. ಉಳಿದರ್ಧವನ್ನು ನೀನೇ ತೆಗೆ ಎಂದು ಮುದುಕ ಕಣ್ಣಲ್ಲೇ ಕೇಳಿದ. ಗಾಯ ಆರಲಿ, ಎರಡು ದಿನ ಬಿಟ್ಟು ಖಂಡಿತ ಎಂದು ಪರಶು ಆಣೆ ಮಾಡಿದ. ಈ ಸಲ ಅದು ನುಣುಚಿಕೊಳ್ಳುವ ಮಾತಾಗಿರಲಿಲ್ಲ. ಆದರೆ ಅದೇ ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಂದು ಸಲ ಲಕ್ವ ಹೊಡೆಯಿತು. ಸೋಮಲಿಂಗ ತುತ್ತನ್ನು ಬಾಯಲ್ಲಿಟ್ಟುಕೊಂಡೇ ಹೋದ.

ನೆಂಟರು ಬಂದರು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅರ್ಧ ಮೀಸೆಯ ಆ ಮುಖವನ್ನು ನೋಡಲಾರದೆ ಹೆಂಗಸರು ಸೆರಗು ಅಡ್ಡ ಹಿಡಿದರು. ಯಾರೋ ಅದನ್ನು ಹೂವಿನ ದಂಡೆಯಿಂದ ಮುಚ್ಚಲು ನೋಡಿದರು. ಪರಶು ಒಳಗಿನಿಂದ ಬಿಸಿನೀರು, ಸಾಬೂನು, ನನ್ನನ್ನು ತಂದು ಅಪ್ಪನ ಮುಂದೆ ಕುಳಿತ. ಮನೆತನದ ಹಿರಿಯ ಭರಮಪ್ಪ ಕಾಕಾ ಅವನ ಭುಜ ಹಿಡಿದ.

"ಹೆಣದ ಮ್ಯಾಲ ಬ್ಲೇಡ್ ಆಡಸಬಾರದೋ ಪರಸು. ನಿಂದ ತೆಗಿ ಮೊದಲ."

"ಇದು ನಮ್ಮಪ್ಪಂದಲ್ಲ ಕಾಕಾ," ಅಂದ ಪರಶು. "ನಮ್ಮಜ್ಜಂದು. ನಾ ಮೂರ ದಿನಾ ಕೊಡಗೊಡಲಿಲ್ಲ."

ಭರಮಪ್ಪ ಭುಜದ ಮೇಲಿನ ಕೈ ತೆಗೆದ.

ಪರಶು ಟವೆಲ್ ಹಿಂಡಿ ಅಪ್ಪನ ಮುಖ ಒರೆಸಿದ. ದಿನಾ ಮಾಡುವಂತೆಯೇ ನೊರೆ ಹಚ್ಚಿದ. ತಣ್ಣಗಿನ ಚರ್ಮದ ಮೇಲೆ ನಾನು ಹಿಂದೆಂದೂ ನಡೆದಿರಲಿಲ್ಲ. ಅದು ಎಳೆದ ಕಡೆಗೆ ಬರುವುದಿಲ್ಲ, ಸುಮ್ಮನೆ ಇರುತ್ತದೆ. ನಿಧಾನವಾಗಿ ಬಲಭಾಗವೂ ಹೋಯಿತು. ಆಗ ಆ ಹಳೆಯ ಫೋಟೋದ ಮುಖ ಹೊರಗೆ ಬಂತು, ಸುಕ್ಕುಗಟ್ಟಿದ, ಗಾಯವಾದ, ರಾಣಿಯ ಮುಖ. ಪರಶು ಅದನ್ನು ಕಣ್ಣು ತಪ್ಪಿಸದೆ ನೋಡಿದ. ಮೊದಲ ದಿನವೇ ನೋಡಬಹುದಿತ್ತು ಎಂದು ಗೊಣಗಿಕೊಂಡು, ಅದೇ ಬ್ಲೇಡಿನಿಂದ ತನ್ನ ಮೀಸೆಯನ್ನೂ ತೆಗೆದ. ಎರಡೂ ಕೂದಲು ಒಂದೇ ತಂಬಿಗೆಯ ನೀರಿನಲ್ಲಿ ತೇಲಿದವು, ಒಂದು ಬಿಳಿ, ಒಂದು ಅರೆಗಪ್ಪು. ಅಜ್ಜನ ಪಾಲಿನದು, ಅಪ್ಪನ ಪಾಲಿನದು. ಎರಡನ್ನೂ ಅವನು ಅಪ್ಪನನ್ನು ಹೂಳುವ ಗುದ್ದಿನೊಳಗೆ ಹಾಕಿ ಬಂದ.

ಆಮೇಲೆ ನನ್ನನ್ನು ತೊಳೆದು ಜಟ್ಟೆಪ್ಪನ ತಗಡಿನ ಪೆಟ್ಟಿಗೆಯಲ್ಲಿ ಇಟ್ಟರು. ಹದಿಮೂರು ವರ್ಷ ಕತ್ತಲು. ತಿರುಪಿಗೆ ಹಸಿರು ಕಿಲುಬು ಹಿಡಿಯಿತು. ಕೆಟ್ಟ ವಸ್ತುವಿಗೆ ಸರಿಯಾದ ಜಾಗ ಸಿಕ್ಕಿತು ಎಂದು ಸುಮ್ಮನಿದ್ದೆ. ಒಂದು ಮನೆತನದ ಮೂರು ಗಂಡಸರ ದುಃಖಕ್ಕೆ ಹಿಡಿಕೆಯಾದವನಿಗೆ ಇದಕ್ಕಿಂತ ಏನು ಬೇಕು?

ಕಳೆದ ವರ್ಷ ಪೆಟ್ಟಿಗೆ ತೆರೆಯಿತು. ಪರಶುವಿನ ಮಗ ಸಮರ್ಥ, ಹತ್ತೊಂಬತ್ತರ ಹುಡುಗ. ಹಳೆಯ ಕಾಲದ ರೇಜರುಗಳು ಈಗ ಮತ್ತೆ ಬಂದಿವೆ, ಮೊಬೈಲಿನಲ್ಲಿ ನೋಡಿದೆ, ಅಜ್ಜನದು ಇದೆಯಲ್ಲ ಎಂದು ಅಪ್ಪನನ್ನು ಪೀಡಿಸಿದ್ದ. ಪರಶು ಲಿಂಬೆಹಣ್ಣು, ಉಪ್ಪು ಹಾಕಿ ಉಜ್ಜಿ ಕಿಲುಬು ತೆಗೆದ. ಹೊಸ ಬ್ಲೇಡ್ ಇಟ್ಟು ತಿರುಪಿದ. ಅಂಗಳವಿರಲಿಲ್ಲ, ಬಚ್ಚಲಮನೆಯ ಕನ್ನಡಿಯ ಮುಂದೆ ಅಪ್ಪ ಮಗ ನಿಂತರು. ನನಗೆ ಮುಂದಿನ ಮಾತು ಗೊತ್ತಿತ್ತು. ಅದನ್ನು ನಾಲ್ಕನೆಯ ತಲೆಮಾರಿಗೂ ಹೇಳುವುದನ್ನು ಕೇಳಬೇಕಲ್ಲ ಎಂದುಕೊಂಡೆ.

"ಗಡ್ಡ ನಿಂದು," ಅಂದ ಪರಶು. ಅಲ್ಲಿಗೆ ನಿಂತ.

ಸಮರ್ಥ ಕಾದ. ಆ ಮಾತನ್ನು ಅವನೂ ಮನೆಯಲ್ಲಿ ಕೇಳಿದ್ದ. "ಮತ್ತ ಮೀಸಿ?"

ಪರಶು ತನ್ನ ಬೋಳು ತುಟಿಯ ಮೇಲೆ ಒಮ್ಮೆ ಕೈಯಾಡಿಸಿಕೊಂಡ. ಅಪ್ಪ ಹೋದ ದಿನದಿಂದ ಅವನು ಮೀಸೆ ಬೆಳೆಸಿರಲಿಲ್ಲ.

"ಅದೂ ನಿಂದ," ಅಂದ.

ಹುಡುಗ ನಕ್ಕು ಕನ್ನಡಿಗೆ ತಿರುಗಿದ. ತಿರುಪು ಸವೆದಿದ್ದರಿಂದ ನಾನು ಸ್ವಲ್ಪ ಅಲುಗಾಡಿದೆ, ಗದ್ದದ ಕೆಳಗೆ ಒಂದು ಕಡೆ ಕೊಯ್ದೆ. ಅವನು ಗಡ್ಡ ಮುಗಿಸಿ, ಯೋಚನೆಯನ್ನೇ ಮಾಡದೆ ಮೂಗಿನ ಕೆಳಗೂ ನನ್ನನ್ನು ಎಳೆದ. ಹಿಂದೆ ಅಪ್ಪ ನಿಂತು ನೋಡುತ್ತಿದ್ದ, ಬದುಕಿ ನಿಂತು ನೋಡುತ್ತಿದ್ದ. ಯಾರೂ ಸಾಯಲಿಲ್ಲ, ಯಾರೂ ಅಳುತ್ತ ಬರಲಿಲ್ಲ.

ವಾರ ಕಳೆಯುವುದರೊಳಗೆ ಹುಡುಗನಿಗೆ ಬೇಸರವಾಯಿತು. ಈಗ ನಾನು ಬಚ್ಚಲಮನೆಯ ಕಿಟಕಿಯಲ್ಲಿ, ಅವನ ಪ್ಲಾಸ್ಟಿಕ್ಕಿನ ರೇಜರಿನ ಪಕ್ಕದಲ್ಲಿ ಬಿದ್ದಿದ್ದೇನೆ. ಮತ್ತೆ ಯಾರೂ ಎತ್ತಿಕೊಳ್ಳಲಿಕ್ಕಿಲ್ಲ. ಎಂಬತ್ತು ವರ್ಷ ಈ ಮನೆತನದ ಮುಖಗಳ ಮೇಲೆ ನಡೆದೆ. ಆ ಬೆಳಿಗ್ಗೆ ಮೊದಲ ಸಲ ನಾನು ತೆಗೆದದ್ದು ಬರೀ ಕೂದಲು.